ಲಾಗ್ ಔಟ್ ಆದ ಮೇಲೂ ಓಡುತ್ತಿರುವ ಪ್ರೊಸೆಸ್ ಯಾರದ್ದು?

ಮಧ್ಯಾಹ್ನದ ಬ್ಯಾಚಿನ ಹುಡುಗಿ ಪೈಥಾನಿನ ಪುಟ್ಟ ವೆಬ್ ಸರ್ವರ್ ಓಡಿಸಲು ಹೊರಟರೆ ಮಶಿನ್ ಒಪ್ಪುವುದಿಲ್ಲ. ‘ಅಡ್ರೆಸ್ ಆಲ್‌ರೆಡಿ ಇನ್ ಯೂಸ್’ ಎಂದು ಹೇಳಿ ನಿಂತುಬಿಡುತ್ತದೆ. 8000ನೇ ಪೋರ್ಟನ್ನು, ಅಂದರೆ ಸರ್ವರ್ ಕಾದು ಕೂರುವ ಆ ನಂಬರಿನ ಬಾಗಿಲನ್ನು, ಆಗಲೇ ಯಾರೋ ಹಿಡಿದುಕೊಂಡಿದ್ದಾರೆ. “ಸರ್, ನಾನು ಈಗಷ್ಟೇ ಕೂತದ್ದು, ಎಂತದೂ ಓಪನ್ ಮಾಡ್ಲಿಲ್ಲ” ಎನ್ನುತ್ತಾಳೆ. ನಿಜವೇ. ಪೋರ್ಟ್ ಹಿಡಿದಿರುವುದು ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಕೂತಿದ್ದ ಹುಡುಗನ ಸರ್ವರ್. ಅವನು ಲಾಗ್ ಔಟ್ ಮಾಡಿ, ಮನೆಗೆ ಹೋಗಿ, ಊಟವೂ ಮುಗಿಸಿರಬೇಕು.

ಕಾಸರಗೋಡಿನ ಶಾಲೆಗಳಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರಿಗೆ ಇಂಥದ್ದು ಹೊಸತಲ್ಲ. ಕೇರಳದಲ್ಲಿ 2001ರಲ್ಲಿ ಶುರುವಾದ ‘ಐಟಿ ಅಟ್ ಸ್ಕೂಲ್’ ಯೋಜನೆ 2017ರಲ್ಲಿ ‘ಕೈಟ್’ ಎಂಬ ಕಂಪೆನಿಯಾಯಿತು. ಅವರು ಕೊಡುವ ‘ಕೈಟ್ ಗ್ನೂ ಲಿನಕ್ಸ್’ ಉಬುಂಟುವನ್ನೇ ಆಧರಿಸಿದ್ದು. ಹಾಗಾಗಿ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ, ಕನ್ನಡ ಮೀಡಿಯಮ್ ಇರಲಿ ಮಲಯಾಳ ಮೀಡಿಯಮ್ ಇರಲಿ, ಮಕ್ಕಳ ಕೈಗೆ ಮೊದಲು ಸಿಗುವುದೇ ಲಿನಕ್ಸ್. ಹೈಸ್ಕೂಲಿನಲ್ಲಿ ಪೈಥಾನ್, ಪ್ಲಸ್ ಟುವಿನಲ್ಲಿ ಸಿ ಪ್ಲಸ್ ಪ್ಲಸ್, ಎರಡಕ್ಕೂ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ವಿಂಡೋ, ಬೇಕು. ಟರ್ಮಿನಲ್ ಇದ್ದಲ್ಲಿ ಹೀಗೆ ಹಿಂದೆ ಉಳಿಯುವ ಪ್ರೊಸೆಸ್‌ಗಳೂ, ಅಂದರೆ ಇನ್ನೂ ಓಡುತ್ತಿರುವ ಪ್ರೋಗ್ರಾಮುಗಳೂ, ಇರುತ್ತವೆ.

ಇದಕ್ಕೆ ನಮ್ಮಲ್ಲಿ ಚಾಲ್ತಿಯಲ್ಲಿರುವ ಮದ್ದು ರೀಸ್ಟಾರ್ಟ್. ಕೆಲವೊಮ್ಮೆ ನಾವು ಮಾಡಬೇಕೆಂದೂ ಇಲ್ಲ, ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ ತನ್ನಿಂದ ತಾನೇ ಆಗುತ್ತದೆ. ಮಶಿನ್ ಮತ್ತೆ ಎದ್ದಾಗ ಎಲ್ಲ ಸರಿ. ಕಾರಣ ಮಾತ್ರ ಹಾಗೇ ಉಳಿದಿರುತ್ತದೆ, ನಾಳೆ ಇನ್ನೊಂದು ಮಶಿನ್‌ನಲ್ಲಿ ತಲೆ ಎತ್ತುತ್ತದೆ.

ಲಾಗ್ ಔಟ್ ಒಂದೇ ಏಟಿಗೆ ಆಗುವ ಕೆಲಸ ಅಂತ ನಾವು ಅಂದುಕೊಂಡಿರುತ್ತೇವೆ, ಅಲ್ವಾ? ಹಾಗಲ್ಲ. ಅದು ಒಬ್ಬರಿಂದ ಒಬ್ಬರಿಗೆ ದಾಟಿಸಬೇಕಾದ ಸುದ್ದಿ. ಲಿನಕ್ಸಿನ ತಿರುಳಾದ ಕರ್ನಲ್, ನಾವು ಟೈಪ್ ಮಾಡಿದ ಕಮಾಂಡುಗಳನ್ನು ಓಡಿಸುವ ಶೆಲ್‌ಗೆ ಹೇಳಬೇಕು, ಶೆಲ್ ತನ್ನ ಕೈಕೆಳಗಿನ ಪ್ರೊಸೆಸ್‌ಗಳಿಗೆ ಹೇಳಬೇಕು, ಕೊನೆಗೆ ಮಶಿನ್‌ನ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಬಂದು ಯಾರಾದರೂ ಉಳಿದಿದ್ದಾರಾ ಎಂದು ನೋಡಬೇಕು. ಉಳಿದುಕೊಂಡ ಪ್ರೊಸೆಸ್ ಎಂದರೆ ಈ ಸುದ್ದಿ ಮುಟ್ಟದೇ ಹೋದದ್ದು, ಇಲ್ಲವೇ ಮುಟ್ಟಿದರೂ ಕಿವಿಗೆ ಹಾಕಿಕೊಳ್ಳದೆ ಕೂತದ್ದು. ತೋಟಕ್ಕೆ ನೀರು ಬಿಟ್ಟು ಪೇಟೆಗೆ ಹೋದವರ ಪಂಪಿನ ಹಾಗೆ: ಕೆಲವರು ಬೇಕೆಂದೇ ಬಿಟ್ಟು ಹೋಗುತ್ತಾರೆ, ಕೆಲವರು ಮರೆತು ಹೋಗುತ್ತಾರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕೇಳಿಸುತ್ತದೆ.

ಈ ಸುದ್ದಿಗೆ ಲಿನಕ್ಸಿನಲ್ಲಿರುವ ರೂಪ ‘ಹ್ಯಾಂಗಪ್’ ಸಿಗ್ನಲ್. ಎಲ್ಲರೂ ಚುಟುಕಾಗಿ ಹಪ್ ಎನ್ನುತ್ತಾರೆ. ಸಿಗ್ನಲ್‌ಗಳ ಪಟ್ಟಿಯಲ್ಲಿ ಇದರ ನಂಬರ್ 1. ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಆ ಕಾಲದ ಟರ್ಮಿನಲ್ ಎಂದರೆ ಕಾಗದದ ಮೇಲೆ ಟಕಟಕ ಅಚ್ಚೊತ್ತುವ ಟೆಲಿಟೈಪ್. ಎಷ್ಟೋ ಕಡೆ ಅದು ಫೋನ್ ಲೈನಿನ ಮೂಲಕ ಕಂಪ್ಯೂಟರಿಗೆ ಸೇರಿಕೊಂಡಿರುತ್ತಿತ್ತು. ಆ ತುದಿಯವರು ಫೋನ್ ಇಟ್ಟರೆ, ಅಥವಾ ಲೈನ್ ಕಟ್ ಆದರೆ, ಈ ಕಡೆ ಓಡುತ್ತಿರುವ ಪ್ರೋಗ್ರಾಮಿಗೆ ಗೊತ್ತಾಗಬೇಡವೇ? ಅದಕ್ಕೆಂದು ಬಂದ ಸಿಗ್ನಲ್ ಇದು. ಇವತ್ತು ಫೋನೂ ಇಲ್ಲ, ಟೆಲಿಟೈಪೂ ಇಲ್ಲ. ಆದರೆ ಟರ್ಮಿನಲ್ ವಿಂಡೋ ಮುಚ್ಚಿದಾಗ ಕರ್ನಲ್ ಕಳಿಸುವುದು ಅದೇ ಸಿಗ್ನಲನ್ನು.

ಇನ್ನು ಸ್ವಲ್ಪ ನಿಧಾನವಾಗಿ ನೋಡಬೇಕಾದ ಭಾಗ. ಟರ್ಮಿನಲ್ ವಿಂಡೋವನ್ನು ಎರಡು ರೀತಿ ಮುಚ್ಚಬಹುದು. ಮೂಲೆಯ ಗುಣಿಸು ಗುರುತನ್ನು ಒತ್ತಬಹುದು, ಇಲ್ಲವೇ ‘ಎಕ್ಸಿಟ್’ ಎಂದು ಟೈಪ್ ಮಾಡಬಹುದು. ಎರಡನೆಯದು ಮರ್ಯಾದೆಯ ದಾರಿ ಎಂದೇ ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಹಿಂದೆ ಕಸ ಉಳಿಯುವ ವಿಷಯದಲ್ಲಿ ಮಾತ್ರ ಇದು ಉಲ್ಟಾ.

ವಿಂಡೋವನ್ನು ಗುಣಿಸು ಗುರುತು ಒತ್ತಿ ಮುಚ್ಚಿದರೆ ಬ್ಯಾಶ್ ಶೆಲ್‌ಗೆ ಹಪ್ ಬರುತ್ತದೆ. ಬ್ಯಾಶ್ ಸಾಯುವ ಮೊದಲು ತಾನು ಶುರುಮಾಡಿದ ಎಲ್ಲ ಕೆಲಸಗಳಿಗೂ ಅದೇ ಹಪ್ ಸಿಗ್ನಲನ್ನು ದಾಟಿಸುತ್ತದೆ, ಹಿನ್ನೆಲೆಯಲ್ಲಿ ಓಡುತ್ತಿರುವುದಕ್ಕೂ ಸೇರಿಸಿ. ಹಪ್ ಬಂದರೆ ಸಾಯುವುದು ಪ್ರೋಗ್ರಾಮುಗಳ ಸಹಜ ನಡತೆ. ಎಲ್ಲ ಮುಗಿಯಿತು. ಆದರೆ ‘ಎಕ್ಸಿಟ್’ ಎಂದು ಟೈಪ್ ಮಾಡಿದಾಗ ಬ್ಯಾಶ್ ತಾನೊಬ್ಬನೇ ಎದ್ದು ಹೋಗುತ್ತದೆ. ಕಮಾಂಡಿನ ಕೊನೆಗೆ & ಹಾಕಿ ಹಿನ್ನೆಲೆಗೆ ಕಳಿಸಿದ ಕೆಲಸಗಳಿಗೆ ಅದು ಏನೂ ಹೇಳುವುದಿಲ್ಲ. ಬೆಳಿಗ್ಗೆಯ ಹುಡುಗ ಮಾಡಿದ್ದು ಇದನ್ನೇ. ವೆಬ್ ಸರ್ವರನ್ನು & ಹಾಕಿ ಶುರುಮಾಡಿದ, ಬ್ರೌಸರಿನಲ್ಲಿ ಪೇಜ್ ನೋಡಿದ, ಎಕ್ಸಿಟ್ ಕೊಟ್ಟ, ಲಾಗ್ ಔಟ್ ಮಾಡಿದ. ಅವನ ತಪ್ಪು ಅಂತ ಹೇಳಲಿಕ್ಕಾಗುವುದಿಲ್ಲ. ನಾವು ಹೇಳಿಕೊಟ್ಟ ಹಾಗೆಯೇ ಮಾಡಿದ್ದಾನೆ.

ಬ್ಯಾಶ್‌ನಲ್ಲಿ ಇದಕ್ಕೊಂದು ಸೆಟ್ಟಿಂಗ್ ಇದೆ, ‘ಹಪ್‌ಆನ್‌ಎಕ್ಸಿಟ್’ ಅಂತ. ಆನ್ ಮಾಡಿದರೆ ಎಕ್ಸಿಟ್ ಕೊಟ್ಟಾಗಲೂ ಎಲ್ಲರಿಗೂ ಹಪ್ ಹೋಗುತ್ತದೆ. ಸುಮ್ನೆ ಇದನ್ನು ಆನ್ ಮಾಡಿ ಕೈತೊಳೆದುಕೊಳ್ಳಬೇಡಿ, ಒಂದು ಸಿಕ್ಕು ಇದೆ. ಇದು ಕೆಲಸ ಮಾಡುವುದು ಲಾಗಿನ್ ಶೆಲ್‌ನಲ್ಲಿ, ಅಂದರೆ ಲಾಗಿನ್ ಆದಾಗ ಮೊದಲು ಶುರುವಾಗುವ ಶೆಲ್‌ನಲ್ಲಿ, ಮಾತ್ರ. ಡೆಸ್ಕ್‌ಟಾಪ್‌ನಲ್ಲಿ ನಾವು ತೆರೆಯುವ ಟರ್ಮಿನಲ್‌ನ ಬ್ಯಾಶ್ ಸಾಮಾನ್ಯವಾಗಿ ಲಾಗಿನ್ ಶೆಲ್ ಅಲ್ಲ. ಟರ್ಮಿನಲ್‌ನ ಪ್ರೊಫೈಲ್ ಸೆಟ್ಟಿಂಗಿಗೆ ಹೋಗಿ ಲಾಗಿನ್ ಶೆಲ್ ಆಗಿ ಓಡಿಸು ಎಂದು ಟಿಕ್ ಹಾಕಿದರಷ್ಟೇ ಫಲ. ಬ್ಯಾಶ್ ಬದಲು ಝಡ್‌ಶೆಲ್ ಎಂಬ ಇನ್ನೊಂದು ಶೆಲ್ ಬಳಸುವವರಿಗೆ ಈ ತಲೆನೋವಿಲ್ಲ, ಅದು ಹೋಗುವಾಗ ಎಲ್ಲರಿಗೂ ಹಪ್ ಕೊಟ್ಟೇ ಹೋಗುತ್ತದೆ.

ಇನ್ನೊಂದು ಗುಂಪು ಹಪ್ ಬಂದರೂ ಕೇಳದವರದ್ದು. ‘ನೋಹಪ್’ ಎಂಬ ಕಮಾಂಡ್ ಇರುವುದೇ ಅದಕ್ಕೆ. ಅದನ್ನು ಮುಂದೆ ಹಾಕಿ ಓಡಿಸಿದ ಪ್ರೋಗ್ರಾಮ್ ಹ್ಯಾಂಗಪ್ ಸಿಗ್ನಲನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಟೀಮಕ್ಸ್, ಸ್ಕ್ರೀನ್ ಎಂಬ ಪ್ರೋಗ್ರಾಮುಗಳೂ ಅಷ್ಟೇ. ಅವು ತಮ್ಮದೇ ಬೇರೆ ಟರ್ಮಿನಲ್ ಮಾಡಿಕೊಂಡು ಕೂರುವುದರಿಂದ ನಮ್ಮ ವಿಂಡೋ ಹೋದರೂ ಅವಕ್ಕೆ ಬಾಧಕವಿಲ್ಲ. ರಾತ್ರಿಯಿಡೀ ಓಡಬೇಕಾದ ಕೆಲಸಕ್ಕೆ ಇವೆಲ್ಲ ಬೇಕೇ ಬೇಕು. ತೊಂದರೆ ಬರುವುದು ಎಲ್ಲೋ ನೋಡಿದ್ದನ್ನು ಅರ್ಥ ಮಾಡಿಕೊಳ್ಳದೆ ಹಾಕಿದಾಗ.

ಒಂದು ಉದಾಹರಣೆ. ಪ್ಲಸ್ ಟು ಲ್ಯಾಬಿನಲ್ಲಿ ಎಲ್ಲರೂ ಬರೆಯುವ ಮೆನು ಪ್ರೋಗ್ರಾಮ್ ಗೊತ್ತಲ್ಲ: ಒಂದು ಒತ್ತಿದರೆ ಕೂಡಿಸು, ಎರಡು ಒತ್ತಿದರೆ ಕಳೆ, ನಾಲ್ಕು ಒತ್ತಿದರೆ ಮುಗಿಸು. ಇದನ್ನು ಯಾರಾದರೂ ನೋಹಪ್ ಹಾಕಿ ಓಡಿಸಿದರು ಎಂದಿಟ್ಟುಕೊಳ್ಳಿ. ನೋಹಪ್ ಆ ಪ್ರೋಗ್ರಾಮಿಗೆ ಕೀಬೋರ್ಡಿನ ಸಂಪರ್ಕ ಕಡಿದು, ಏನನ್ನೂ ಓದಲಾಗದ ಫೈಲೊಂದನ್ನು ಕೊಡುತ್ತದೆ. ನಂಬರ್ ಓದಲು ಹೋದ ಸಿನ್, ಅಂದರೆ ಸಿ ಪ್ಲಸ್ ಪ್ಲಸ್‌ನಲ್ಲಿ ಟೈಪ್ ಮಾಡಿದ್ದನ್ನು ಓದುವ ಸಾಧನ, ಸೋಲುತ್ತದೆ. ಒಮ್ಮೆ ಸೋತ ಸಿನ್, ಸರಿಪಡಿಸುವವರೆಗೆ ಪ್ರತಿ ಸಲವೂ ಸೋಲುತ್ತದೆ. ನಾಲ್ಕು ಎಂಬ ಉತ್ತರ ಬರುವುದೇ ಇಲ್ಲ, ಲೂಪ್ ಮುಗಿಯುವುದೇ ಇಲ್ಲ. ಪ್ರತಿ ಸುತ್ತಿಗೂ ಮೆನು ಪ್ರಿಂಟ್ ಆಗುತ್ತದೆ, ಸ್ಕ್ರೀನಿಗಲ್ಲ, ‘ನೋಹಪ್ ಡಾಟ್ ಔಟ್’ ಎಂಬ ಫೈಲಿಗೆ. ಫ್ಯಾನ್ ಜೋರಾಗಿ ತಿರುಗುತ್ತದೆ, ಡಿಸ್ಕ್ ತುಂಬುತ್ತಾ ಹೋಗುತ್ತದೆ. ಮರುದಿನ ಯಾರೋ ಫೈಲ್ ಸೇವ್ ಮಾಡಲು ಹೋದಾಗ ಜಾಗವಿಲ್ಲ. ಇದೇ ಥರದ್ದು ಪೈಥಾನಿನಲ್ಲೂ ಇದೆ. ಎಕ್ಸೆಪ್ಟ್ ಅಂತ ಬರೆದು ಮುಂದೆ ಪಾಸ್ ಅಂತ ಹಾಕಿ ಎಲ್ಲ ತಪ್ಪನ್ನೂ ನುಂಗುವ ಲೂಪ್ ಬರೆದರೆ, ಓದಲು ಏನೂ ಇಲ್ಲದಾಗ ಅದೂ ಹೀಗೇ ಹುಚ್ಚೆದ್ದು ಓಡುತ್ತದೆ.

ಸುದ್ದಿ ಮುಟ್ಟದ ಇನ್ನೊಂದು ದಾರಿ ಶಾಲೆಗಿಂತ ಮನೆಯಿಂದ ಕೆಲಸ ಮಾಡುವವರಿಗೆ ಜಾಸ್ತಿ ಪರಿಚಯ. ಮಂಜೇಶ್ವರದ ಮನೆಯಲ್ಲಿ ಕೂತು ಮಂಗಳೂರಿನ ಆಫೀಸಿನ ಮಶಿನ್‌ಗೆ ಎಸ್‌ಎಸ್‌ಎಚ್ ಮಾಡಿದ್ದೀರಿ, ಅಂದರೆ ನೆಟ್‌ವರ್ಕಿನ ಮೂಲಕ ಅದರೊಳಗೆ ಲಾಗಿನ್ ಆಗಿದ್ದೀರಿ. ಕರೆಂಟ್ ಹೋಯಿತು, ರೂಟರ್ ಆಫ್. ನಿಮ್ಮ ಲ್ಯಾಪ್‌ಟಾಪ್‌ಗೆ ಗೊತ್ತು ಸಂಪರ್ಕ ಹೋಯಿತೆಂದು. ಆಫೀಸಿನ ಮಶಿನ್‌ಗೆ ಗೊತ್ತಿಲ್ಲ. ಯಾರೂ ‘ಹೋಗಿ ಬರ್ತೇನೆ’ ಅಂದಿಲ್ಲ, ಹಾಗಾಗಿ ಆ ಕಡೆ ಮಾತಿಲ್ಲವಷ್ಟೇ ಎಂದುಕೊಂಡು ಕಾಯುತ್ತದೆ. ಸುಮ್ಮನೆ ಕೂತ ಸಂಪರ್ಕವನ್ನು ಲಿನಕ್ಸ್ ಮೊದಲ ಬಾರಿ ತಟ್ಟಿ ನೋಡುವುದು 7200 ಸೆಕೆಂಡ್, ಅಂದರೆ 2 ಗಂಟೆ ಕಳೆದ ಮೇಲೆ. ಆಮೇಲೆ 75 ಸೆಕೆಂಡಿಗೊಮ್ಮೆ 9 ಸಲ ತಟ್ಟಿ, ಉತ್ತರವಿಲ್ಲದಿದ್ದರೆ ಕೈಬಿಡುತ್ತದೆ. ಅಲ್ಲಿಯವರೆಗೆ ನಿಮ್ಮ ಶೆಲ್, ಅದರೊಳಗಿನ ಎಡಿಟರ್, ಎಲ್ಲವೂ ಜೀವಂತ. ಕರೆಂಟ್ ಬಂದು ಮತ್ತೆ ಒಳಗೆ ಹೋಗಿ ಅದೇ ಫೈಲ್ ತೆರೆದರೆ, ಇನ್ನೊಬ್ಬರು ಎಡಿಟ್ ಮಾಡುತ್ತಿದ್ದಾರೆ ಎಂದು ಎಡಿಟರ್ ಎಚ್ಚರಿಸುತ್ತದೆ. ಆ ಇನ್ನೊಬ್ಬರು ನೀವೇ. ಎಸ್‌ಎಸ್‌ಎಚ್ ಸರ್ವರಿನ ಸೆಟ್ಟಿಂಗ್ ಫೈಲಿನಲ್ಲಿ ‘ಕ್ಲೈಂಟ್‌ಅಲೈವ್‌ಇಂಟರ್‌ವಲ್’ ಎಂಬ ಸಾಲು ಮಾಮೂಲಿಯಾಗಿ 0 ಇರುತ್ತದೆ, ಅಂದರೆ ಆಫ್. ಅದಕ್ಕೆ 60 ಕೊಡಿ. ಎಷ್ಟು ಸಲ ಕೇಳಬೇಕು ಎಂಬ ಲೆಕ್ಕ ಮೊದಲೇ 3 ಇರುವುದರಿಂದ, ಸುಮಾರು 3 ನಿಮಿಷದಲ್ಲಿ ಸತ್ತ ಸಂಪರ್ಕ ಕಳಚಿಕೊಳ್ಳುತ್ತದೆ.

ಹಾಗಾದರೆ ಎಲ್ಲರೂ ಹೋದ ಮೇಲೆ ಬಂದು ನೋಡುವವರು ಯಾರೂ ಇಲ್ಲವೇ? ಇದ್ದಾರೆ. ಸಿಸ್ಟಮ್‌ಡಿಯ ‘ಲಾಗಿನ್‌ಡಿ’ ಎಂಬ ಭಾಗ. ನೀವು ಲಾಗಿನ್ ಆದ ಕೂಡಲೇ ಅದು ನಿಮ್ಮ ಸೆಷನ್‌ಗೊಂದು ನಂಬರ್ ಕೊಟ್ಟು, ಆ ಸೆಷನ್‌ನಲ್ಲಿ ಹುಟ್ಟಿದ ಪ್ರೊಸೆಸ್‌ಗಳನ್ನೆಲ್ಲ ಒಂದು ಗುಂಪಿನಲ್ಲಿ ಇಡುತ್ತದೆ. ಅಪ್ಪ, ಅಂದರೆ ತನ್ನನ್ನು ಶುರುಮಾಡಿದ ಪ್ರೊಸೆಸ್, ಸತ್ತು ಅನಾಥವಾದ ಪ್ರೊಸೆಸ್ ಕೂಡ ಆ ಗುಂಪು ಬಿಟ್ಟು ಹೋಗುವುದಿಲ್ಲ. ಅಂದರೆ ಯಾವುದು ಯಾರ ಸೆಷನ್‌ನಿಂದ ಬಂದದ್ದು ಎಂಬ ಲೆಕ್ಕ ಅದರ ಬಳಿ ಪಕ್ಕಾ ಇರುತ್ತದೆ. ಲಾಗ್ ಔಟ್ ಆದಾಗ ಗುಂಪನ್ನು ಗುಡಿಸಿ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವುದು ‘ಕಿಲ್‌ಯೂಸರ್‌ಪ್ರೊಸೆಸಸ್’ ಎಂಬ ಒಂದು ಸಾಲು.

ಈ ಸಾಲಿಗಾಗಿ ದೊಡ್ಡ ಜಗಳವೇ ಆಗಿತ್ತು. 2016ರ ಮೇ ತಿಂಗಳಲ್ಲಿ ಬಂದ ಸಿಸ್ಟಮ್‌ಡಿ 230ನೇ ಆವೃತ್ತಿ ಇದನ್ನು ಮಾಮೂಲಿಯಾಗಿಯೇ ‘ಯೆಸ್’ ಮಾಡಿತು. ಲಾಗ್ ಔಟ್ ಆದರೆ ಟೀಮಕ್ಸ್, ಸ್ಕ್ರೀನ್, ನೋಹಪ್ ಹಾಕಿದ್ದು, ಎಲ್ಲವೂ ಸಾಯತೊಡಗಿದವು. ದಶಕಗಳಿಂದ ನಡೆದು ಬಂದ ಅಭ್ಯಾಸ ಕೆಡಿಸಿದಿರಿ ಎಂದು ಬಳಕೆದಾರರು ರೊಚ್ಚಿಗೆದ್ದರು. ಡೆಬಿಯನ್, ಉಬುಂಟು ಎರಡೂ ‘ನೋ’ ಎಂದೇ ಇಟ್ಟುಕೊಂಡವು, ಈಗಲೂ ಹಾಗೇ ಇದೆ. ಬೆಳಿಗ್ಗೆಯ ಹುಡುಗನ ಸರ್ವರ್ ಬದುಕಿ ಉಳಿದದ್ದಕ್ಕೆ ಎರಡನೇ ಕಾರಣ ಇದು. ಬ್ಯಾಶ್ ಹೇಳಲಿಲ್ಲ, ಲಾಗಿನ್‌ಡಿ ಗುಡಿಸಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಎರಡು ಕಡೆಯವರದ್ದೂ ಸರಿ. ಒಬ್ಬರೇ ಕೂತು ಕೆಲಸ ಮಾಡುವ ಮಶಿನ್‌ಗೆ ‘ನೋ’ ಒಳ್ಳೆಯದು. ಗಂಟೆಗೊಬ್ಬರು ಬದಲಾಗುವ ಲ್ಯಾಬಿಗೆ ‘ಯೆಸ್’ ಬೇಕು. ಲ್ಯಾಬಿನಲ್ಲಿ ರಾತ್ರಿಯಿಡೀ ಓಡಬೇಕಾದ ಮಕ್ಕಳ ಕೆಲಸ ಏನಿದೆ ಹೇಳಿ.

ಇಲ್ಲಿ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ. ಹಳೇ ಮಶಿನ್ ಅಂತ ಎಕ್ಸ್‌ಎಫ್‌ಸಿಇ ಥರದ ಹಗುರ ಡೆಸ್ಕ್‌ಟಾಪ್ ಹಾಕಿದ್ದರೆ ಟರ್ಮಿನಲ್ ಹುಟ್ಟುವುದು ಸೆಷನ್‌ನ ಗುಂಪಿನಲ್ಲೇ. ಉಬುಂಟುವಿನ ಮಾಮೂಲಿ ಡೆಸ್ಕ್‌ಟಾಪ್ ಆದ ಗ್ನೋಮ್‌ನಲ್ಲಿ ಹಾಗಲ್ಲ. ಅಲ್ಲಿ ಗ್ನೋಮ್ ಟರ್ಮಿನಲ್‌ನ ಎಲ್ಲ ವಿಂಡೋಗಳನ್ನೂ ನೋಡಿಕೊಳ್ಳುವ ಒಂದೇ ಸರ್ವರ್ ಪ್ರೊಸೆಸ್ ಇರುತ್ತದೆ, ಅದು ಓಡುವುದು ಸೆಷನ್‌ನಲ್ಲಲ್ಲ, ಆ ಯೂಸರಿನ ಹೆಸರಿನಲ್ಲಿರುವ ಸಿಸ್ಟಮ್‌ಡಿ ಮ್ಯಾನೇಜರಿನ ಕೆಳಗೆ. ಕೊನೆಯ ಸೆಷನ್ ಮುಗಿದು 10 ಸೆಕೆಂಡ್ ಆದ ಮೇಲೆ ಮ್ಯಾನೇಜರ್ ಅಂಗಡಿ ಮುಚ್ಚುತ್ತದೆ, ತನ್ನ ಕೆಳಗಿನವರನ್ನೂ ಕರೆದುಕೊಂಡು ಹೋಗುತ್ತದೆ. ‘ಕೊನೆಯ’ ಎಂಬುದನ್ನು ಗಮನಿಸಿ. ಅದೇ ಯೂಸರ್ ಹೆಸರಿನಲ್ಲಿ ಟೀಚರ್ ತಮ್ಮ ಮೇಜಿನಿಂದ ಎಸ್‌ಎಸ್‌ಎಚ್ ಮಾಡಿಕೊಂಡಿದ್ದರೆ, ಅಥವಾ ಯಾರೋ ಆ ಯೂಸರಿಗೆ ಲಾಗ್ ಔಟ್ ಆದ ಮೇಲೂ ಮ್ಯಾನೇಜರನ್ನು ಉಳಿಸುವ ‘ಲಿಂಗರ್’ ಸೆಟ್ಟಿಂಗ್ ಆನ್ ಮಾಡಿಟ್ಟಿದ್ದರೆ, ಮ್ಯಾನೇಜರ್ ಹೋಗುವುದೇ ಇಲ್ಲ.

ಪತ್ತೆ ಮಾಡುವ ಕ್ರಮಕ್ಕೆ ಬರೋಣ. ಮೊದಲು ‘ಲಾಗಿನ್‌ಸಿಟಿಎಲ್’ ಎಂದಷ್ಟೇ ಟೈಪ್ ಮಾಡಿ ಎಂಟರ್ ಒತ್ತಿ, ಸೆಷನ್‌ಗಳ ಪಟ್ಟಿ ಬರುತ್ತದೆ. ಹೋದವರ ಹೆಸರು ಇನ್ನೂ ಇದ್ದರೆ, ಆ ನಂಬರಿನ ‘ಸೆಷನ್ ಸ್ಟೇಟಸ್’ ಕೇಳಿ. ಅದರಲ್ಲಿ ಸ್ಟೇಟ್ ಎಂಬ ಸಾಲು ಮುಖ್ಯ. ‘ಕ್ಲೋಸಿಂಗ್’ ಎಂದಿದ್ದರೆ ಲಾಗ್ ಔಟ್ ಆಗಿದೆ, ಆದರೆ ಒಳಗೆ ಯಾರೋ ಉಳಿದಿದ್ದಾರೆ. ಯಾರೆಂಬುದು ಕೆಳಗೇ ಮರದ ಹಾಗೆ ಬರೆದಿರುತ್ತದೆ. ‘ಆನ್‌ಲೈನ್’ ಎಂದಿದ್ದರೆ ಅವರು ಲಾಗ್ ಔಟ್ ಆಗಿಯೇ ಇಲ್ಲ. ಸ್ವಿಚ್ ಯೂಸರ್ ಒತ್ತಿ ಎದ್ದು ಹೋಗಿದ್ದಾರೆ, ಅಷ್ಟೇ. ಇದು ಎಷ್ಟು ಸಾಮಾನ್ಯ ಎಂದರೆ, ಬೇರೆ ತನಿಖೆಗೆ ಕೈಹಾಕುವ ಮೊದಲು ಇದನ್ನೇ ನೋಡಬೇಕು.

ಆಮೇಲೆ ಓಡುತ್ತಿರುವ ಪ್ರೊಸೆಸ್‌ಗಳನ್ನು ತೋರಿಸುವ ಪಿಎಸ್ ಕಮಾಂಡಿನ ಪೂರ್ತಿ ಪಟ್ಟಿ. ಟಿಟಿವೈ ಎಂಬ ಕಾಲಮ್ಮಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಆ ಪ್ರೊಸೆಸ್‌ಗೆ ಟರ್ಮಿನಲ್ ಇಲ್ಲ. ಅದೊಂದೇ ಸಾಕ್ಷಿಯಲ್ಲ, ಎಷ್ಟೋ ಒಳ್ಳೆಯ ಸರ್ವಿಸ್‌ಗಳಿಗೂ ಹಾಗೇ ಇರುತ್ತದೆ. ಆದರೆ ವಿದ್ಯಾರ್ಥಿಯ ಪೈಥಾನ್ ಪ್ರೋಗ್ರಾಮಿಗೆ ಟರ್ಮಿನಲ್ ಇಲ್ಲ, ಅದರ ಅಪ್ಪನ ನಂಬರ್ 1 ಎಂದಿದೆ (ಅನಾಥವಾಗಿ ಸಿಸ್ಟಮ್‌ಡಿಯ ಕೈಗೆ ಬಂದಿದೆ), ಅದು ಬಳಸಿದ ಸಿಪಿಯು ಸಮಯ ತೋರಿಸುವ ಟೈಮ್ ಕಾಲಮ್ಮಿನ ಅಂಕಿ ನೋಡನೋಡುತ್ತಲೇ ಏರುತ್ತಿದೆ ಅಂದರೆ ಸಿಕ್ಕಿಬಿತ್ತು ಎಂದೇ ಅರ್ಥ. ಗ್ನೋಮ್‌ನಲ್ಲಾದರೆ ಅಪ್ಪನ ಜಾಗದಲ್ಲಿ 1ರ ಬದಲು ಯೂಸರ್ ಮ್ಯಾನೇಜರಿನ ನಂಬರ್ ಇರಬಹುದು.

ಕೊಲ್ಲುವಾಗ ಕಿಲ್ ಮೈನಸ್ ಒಂಬತ್ತಕ್ಕೆ ಮೊದಲೇ ಕೈಹಾಕುವ ಚಾಳಿ ಬೇಡ. ಬರೇ ಕಿಲ್ ಎಂದರೆ ಹೋಗುವುದು 15ನೇ ಸಿಗ್ನಲ್. ಅದು ಬಂದಾಗ ಪ್ರೋಗ್ರಾಮಿಗೆ ಫೈಲ್ ಮುಚ್ಚಲು, ಬೀಗದ ಫೈಲ್ ಅಳಿಸಲು ಅವಕಾಶವಿದೆ. 9 ಕೊಟ್ಟರೆ ಆ ಅವಕಾಶವಿಲ್ಲ. ಫೈರ್‌ಫಾಕ್ಸ್ ಈಗಾಗಲೇ ಓಡುತ್ತಿದೆ ಎಂಬ ಸುಳ್ಳು ದೂರು, ಲಿಬ್ರೆಆಫೀಸ್ ಫೈಲಿಗೆ ಬೀಗ ಬಿದ್ದಿದೆ ಎಂಬ ಸಂದೇಶ, ಇವೆಷ್ಟೋ ಸಲ ಹೀಗೆ ಅವಸರದಲ್ಲಿ ಕೊಂದದ್ದರ ಫಲ. 15 ಕೊಟ್ಟು ಕೆಲವು ಸೆಕೆಂಡ್ ಕಾಯಿರಿ, ಜಗ್ಗದಿದ್ದರೆ 9. ಇಡೀ ಸೆಷನ್ನೇ ಬೇಡವೆಂದರೆ ಲಾಗಿನ್‌ಸಿಟಿಎಲ್‌ನ ‘ಟರ್ಮಿನೇಟ್ ಸೆಷನ್’ ಇದೆ. ‘ಟರ್ಮಿನೇಟ್ ಯೂಸರ್’ ಕೂಡ ಇದೆ. ಆದರೆ ನಮ್ಮ ಎಷ್ಟೋ ಲ್ಯಾಬುಗಳಲ್ಲಿ ಎಲ್ಲರೂ ಲಾಗಿನ್ ಆಗುವುದು ಒಂದೇ ಯೂಸರ್ ಹೆಸರಿನಲ್ಲಿ. ಅಲ್ಲಿ ಅದನ್ನು ಒತ್ತಿದರೆ ಹಳೇ ಕಸದ ಜೊತೆ ಈಗ ಕೂತು ಬರೆಯುತ್ತಿರುವ ಮಗುವಿನ ಕೆಲಸವೂ ಹೋಗುತ್ತದೆ.

ಲ್ಯಾಬಿನ ಮಶಿನ್‌ಗಳಲ್ಲಿ ‘ಲಾಗಿನ್‌ಡಿ ಡಾಟ್ ಕಾನ್ಫ್’ ಫೈಲಿನ ಆ ಸಾಲನ್ನು ‘ಯೆಸ್’ ಮಾಡಿ ಒಮ್ಮೆ ರೀಸ್ಟಾರ್ಟ್ ಮಾಡಿದರೆ ಮುಕ್ಕಾಲು ಪಾಲು ಕಾಟ ನಿಲ್ಲುತ್ತದೆ. ಅದೇ ಫೈಲಿನಲ್ಲಿ ಯಾರನ್ನು ಮಾತ್ರ ಬಿಡಬೇಕು ಎಂದು ಹೆಸರು ಬರೆಯಲೂ ಜಾಗವಿದೆ, ರೂಟ್ ಅಲ್ಲಿ ಮೊದಲೇ ಇರುತ್ತದೆ. ಟೀಚರಿಗೆ ಟೀಮಕ್ಸ್ ಬೇಕಿದ್ದರೆ ಅವರ ಹೆಸರನ್ನೂ ಸೇರಿಸಿ.

ಎಷ್ಟು ಕೊಂದರೂ ಹೋಗದವು ಎರಡು ಜಾತಿ. ಪಿಎಸ್‌ನ ಸ್ಟಾಟ್ ಕಾಲಮ್ಮಿನಲ್ಲಿ ಝಡ್ ಅಕ್ಷರ ಇದ್ದರೆ ಅದು ಝೋಂಬಿ, ಸತ್ತೇ ಹೋಗಿದೆ. ಅದರ ಅಪ್ಪ ಇನ್ನೂ ಲೆಕ್ಕದಿಂದ ಹೆಸರು ತೆಗೆದಿಲ್ಲ ಅಷ್ಟೇ. ಮೆಮೊರಿ ತಿನ್ನುವುದಿಲ್ಲ, ಪೋರ್ಟ್ ಹಿಡಿಯುವುದಿಲ್ಲ, ಬಿಟ್ಟುಬಿಡಿ. ಡಿ ಅಕ್ಷರ ಇದ್ದರೆ ಬೇರೆ ಕತೆ. ಆ ಪ್ರೊಸೆಸ್ ಡಿಸ್ಕಿನಿಂದಲೋ ನೆಟ್‌ವರ್ಕಿನ ಫೈಲ್ ಸರ್ವರಿನಿಂದಲೋ ಉತ್ತರಕ್ಕಾಗಿ ಕಾಯುತ್ತಾ ಕರ್ನಲ್ ಒಳಗೆ ನಿಂತಿದೆ. ಹೋಮ್ ಫೋಲ್ಡರನ್ನು ಎನ್‌ಎಫ್‌ಎಸ್ ಮೂಲಕ ಸರ್ವರಿನಲ್ಲಿಟ್ಟ ಲ್ಯಾಬಿನಲ್ಲಿ ಸರ್ವರ್ ಆಫ್ ಆದರೆ ಒಮ್ಮೆಲೇ ಹತ್ತಾರು ಪ್ರೊಸೆಸ್‌ಗಳು ಹೀಗೆ ನಿಲ್ಲುತ್ತವೆ. ಎನ್‌ಎಫ್‌ಎಸ್ ವಿಷಯದಲ್ಲಿ ಈಗಿನ ಕರ್ನಲ್‌ಗಳು ಎಷ್ಟೋ ಕಡೆ 9ನೇ ಸಿಗ್ನಲ್‌ಗೆ ಕಿವಿಗೊಡುತ್ತವೆ, ಎಲ್ಲ ಕಡೆ ಅಲ್ಲ. ಅಂಥ ಹೊತ್ತಿನಲ್ಲಿ ಒಂದೊಂದೇ ಮಶಿನ್ ಎದುರು ಕೂತು ಕಿಲ್ ಒತ್ತುತ್ತಾ ಹೊತ್ತು ಕಳೆಯುವ ಬದಲು ಸರ್ವರ್ ಇರುವ ರೂಮಿಗೆ ಹೋಗಿ ಅಲ್ಲಿಯ ಯುಪಿಎಸ್ ನೋಡಿ. ಸರ್ವರ್ ಮತ್ತೆ ಎದ್ದರೆ ನಿಂತವೆಲ್ಲ ತಾವಾಗಿ ಮುಂದೆ ಹೋಗುತ್ತವೆ. ಡಿಸ್ಕೇ ಕೆಟ್ಟು ನಿಂತಿದ್ದರೆ ಮಾತ್ರ ಪವರ್ ಬಟನ್ ಒತ್ತಿ ಹಿಡಿಯುವುದು ಬಿಟ್ಟು ದಾರಿಯಿಲ್ಲ.